ಕೊಳಚೆಯ ಚಿತ್ರ ಯಾರ ಮುಂದೆ ಓಡಬೇಕು?

ಗಾಳಿ ನೀರು ಕೆಡುತ್ತಿರುವ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಬರಬೇಕು, ಅದಕ್ಕೆ ಸಾಕ್ಷ್ಯಚಿತ್ರಗಳು ಬೇಕು ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಮಂತ್ರಿಗಳು ಆಡುತ್ತಾರೆ, ಕಾಲೇಜಿನ ಪ್ರಿನ್ಸಿಪಾಲರು ಆಡುತ್ತಾರೆ, ಚಿಮಣಿಯ ಒಡೆಯರೂ ಆಡುತ್ತಾರೆ. ಮಾಲೀಕನೂ ಕೂಲಿಯವನೂ ಒಂದೇ ಉಸಿರಿನಲ್ಲಿ ಒಪ್ಪುವ ಮಾತು ಕಿವಿಗೆ ಬಿದ್ದಾಗ ಕೂಲಿಯವನು ತನ್ನ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಚಿತ್ರ ಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಯಾರ ದುಡ್ಡಿನಲ್ಲಿ ತೆಗೆದ ಚಿತ್ರ, ಯಾರನ್ನು ತೋರಿಸುವ ಚಿತ್ರ, ಯಾರ ಮುಂದೆ ಓಡುವ ಚಿತ್ರ ಎಂಬುದನ್ನು ಕೇಳದೆ ಕೈ ತಟ್ಟಲು ನಾವು ಸಿದ್ಧರಿಲ್ಲ.

ನಮ್ಮ ವಾಚಕರಲ್ಲಿ ವಯಸ್ಸಾದವರಿಗೆ ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಓಡುತ್ತಿದ್ದ ಸರ್ಕಾರಿ ಚಿತ್ರಗಳ ನೆನಪಿರಬೇಕು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಎಂಬ ಇಲಾಖೆ ಅವನ್ನು ತಯಾರಿಸಿ ಊರೂರಿಗೆ ಕಳಿಸುತ್ತಿತ್ತು. ತೋರಿಸಲೇಬೇಕೆಂದು ಟಾಕೀಸಿನ ಲೈಸೆನ್ಸಿನಲ್ಲಿಯೇ ಷರತ್ತು. ಮೇಲೆ ಟಾಕೀಸಿನವನು ಬಾಡಿಗೆಯನ್ನೂ ಕಟ್ಟಬೇಕು. ಅಣೆಕಟ್ಟು ಎದ್ದಿತು, ಉಕ್ಕು ಕರಗಿತು, ಚಿಮಣಿಯಿಂದ ಹೊಗೆ ಏರಿತು, ಗಂಭೀರ ಧ್ವನಿಯೊಂದು ಇದೆಲ್ಲ ನಮ್ಮದೇ ಎಂದು ಹೇಳಿತು. ಆ ಹೊಗೆ ಬಹುಮಟ್ಟಿಗೆ ಪ್ರಗತಿಯ ಬಾವುಟವಾಗಿಯೇ ಹಾರಿತು. ಅದು ಸಂಜೆಯ ಹೊತ್ತಿಗೆ ಯಾರ ಮನೆಯ ಮೇಲೆ ಇಳಿಯಿತು ಎಂಬಲ್ಲಿಯವರೆಗೆ ರೀಲು ಸಾಲುತ್ತಿರಲಿಲ್ಲ. ಜನ ಆ ಹೊತ್ತಿನಲ್ಲಿ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಅವರನ್ನು ನಾವು ದೂರುವುದಿಲ್ಲ. 2022ರಲ್ಲಿ ಆ ಇಲಾಖೆಯನ್ನು ಇನ್ನೊಂದು ಸರ್ಕಾರಿ ನಿಗಮದೊಳಗೆ ಸೇರಿಸಿ ಅದರ ಕಥೆ ಮುಗಿಸಿದ್ದಾಯಿತು.

ದುಡ್ಡು ಕೊಟ್ಟವನ ಮುಖವನ್ನು ಕ್ಯಾಮೆರಾ ಹೇಗೆ ಕಾಪಾಡುತ್ತದೆ ಎಂಬುದಕ್ಕೆ ಇನ್ನೂ ಸೊಗಸಾದ ಉದಾಹರಣೆ ಅಮೆರಿಕದಲ್ಲಿದೆ. ಸಾಕ್ಷ್ಯಚಿತ್ರಗಳ ಪಿತಾಮಹನೆಂದು ಹೆಸರಾದ ರಾಬರ್ಟ್ ಫ್ಲಾಹರ್ಟಿ 1948ರಲ್ಲಿ ‘ಲೂಯಿಸಿಯಾನ ಸ್ಟೋರಿ’ ಎಂಬ ಚಿತ್ರ ತೆಗೆದ. ಜೌಗುನೀರು, ದೋಣಿಯಲ್ಲಿ ಒಬ್ಬ ಹುಡುಗ, ಅವನ ಸಾಕುಪ್ರಾಣಿ, ಮೊಸಳೆ. ಅದರ ನಡುವೆ ಎಣ್ಣೆಬಾವಿ ತೋಡಲು ಬಂದ ಯಂತ್ರದ ಗೋಪುರ. ಬಾವಿ ಒಮ್ಮೆ ಸಿಡಿದು ಹೆದರಿಸುತ್ತದೆ, ಆಮೇಲೆ ಎಲ್ಲ ಸರಿಯಾಗುತ್ತದೆ, ಗೋಪುರ ಹೊರಟುಹೋಗುತ್ತದೆ, ಹುಡುಗ ಕೈಬೀಸುತ್ತಾನೆ. ನೀರು ಮೊದಲಿನಷ್ಟೇ ತಿಳಿ. ನೋಡಿದರೆ ಕಣ್ಣು ತಂಪಾಗುತ್ತದೆ. ಅದಕ್ಕೆ ಹಣ ಸುರಿದದ್ದು ನ್ಯೂಜರ್ಸಿಯ ಸ್ಟಾಂಡರ್ಡ್ ಆಯಿಲ್ ಕಂಪನಿ, ಸುಮಾರು ಎರಡೂವರೆ ಲಕ್ಷ ಡಾಲರು. ಫ್ಲಾಹರ್ಟಿ ಸುಳ್ಳುಗಾರನೆಂದು ನಾವು ಹೇಳುತ್ತಿಲ್ಲ. ಅವನು ಬಹಳ ದೊಡ್ಡ ಕಲಾವಿದ. ಆದುದರಿಂದಲೇ ಕಂಪನಿ ಅವನನ್ನು ಹುಡುಕಿಕೊಂಡು ಹೋಯಿತು.

ಇದಕ್ಕೆ ತದ್ವಿರುದ್ಧವಾದ ಒಂದು ಚಿತ್ರದ ವಿಷಯವನ್ನು ಇಂದು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅದು ಜಪಾನಿನದು. ದೂರದ ದೇಶದ ಗೊಡವೆ ನಮಗೇಕೆ ಎನ್ನುವವರು ದಯಮಾಡಿ ಕಡೆಯವರೆಗೆ ಓದಬೇಕು. ಆ ಕಥೆಯಲ್ಲಿ ಗಿರಣಿಯ ಕಾರ್ಮಿಕರೂ ಇದ್ದಾರೆ, ಅಂಗಡಿಯವರೂ ಇದ್ದಾರೆ.

ಜಪಾನಿನ ದಕ್ಷಿಣದ ಕ್ಯೂಷೂ ದ್ವೀಪದಲ್ಲಿ ಮಿನಮಾಟ ಎಂಬುದು ಒಂದು ಸಣ್ಣ ಊರು. ಅರ್ಧ ಊರು ಮೀನಿನ ಮೇಲೆ, ಇನ್ನರ್ಧ ಊರು ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯ ಮೇಲೆ ಬದುಕುತ್ತಿತ್ತು. ಆ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನು ಪಾದರಸದ ನೆರವಿನಿಂದ ತಯಾರಿಸಿತು. ಆ ಕೆಲಸದಲ್ಲಿ ಮಿಥೈಲ್ ಪಾದರಸವೆಂಬ ಘೋರ ವಿಷ ಹುಟ್ಟುತ್ತದೆ. ಕಂಪನಿ ಅದನ್ನು ಕೊಳಚೆಯ ಜೊತೆಗೆ ಕೊಲ್ಲಿಗೆ ಬಿಟ್ಟಿತು. ಮೀನಿನ ಮೈಯಲ್ಲಿ ವಿಷ ಸೇರಿತು, ಮೀನನ್ನು ಬೆಕ್ಕು ತಿಂದಿತು, ಮನುಷ್ಯ ತಿಂದ. ಬೆಕ್ಕುಗಳು ಹುಚ್ಚೆದ್ದು ಕುಣಿದು ಸಮುದ್ರಕ್ಕೆ ಬಿದ್ದವು. ಆಮೇಲೆ ಮನುಷ್ಯರ ಸರದಿ: ಕೈಕಾಲು ಸೆಟೆಯಿತು, ಮಾತು ತೊದಲಿತು, ಕಣ್ಣಿನ ನೋಟ ಕುಗ್ಗಿತು. ಬಸಿರಿನಲ್ಲಿದ್ದ ಕೂಸನ್ನೂ ವಿಷ ಬಿಡಲಿಲ್ಲ. ಕಾರ್ಖಾನೆಯ ಆಸ್ಪತ್ರೆಯವರೇ ಈ ಹೆಸರಿಲ್ಲದ ರೋಗದ ವಿಷಯವನ್ನು ಸರ್ಕಾರಿ ಆರೋಗ್ಯ ಕಚೇರಿಗೆ ತಿಳಿಸಿದ ದಿನ 1956ರ ಮೇ 1. ಅದು ಕಾರ್ಮಿಕರ ದಿನವಾಗಿದ್ದುದು ಕಾಕತಾಳೀಯವೇ ಸರಿ.

ಆ ಆಸ್ಪತ್ರೆಯ ಮುಖ್ಯ ವೈದ್ಯ ಹೊಸೊಕಾವ ಹಾಜಿಮೆ 1959ರಲ್ಲಿ ಕಾರ್ಖಾನೆಯ ಕೊಳಚೆಯನ್ನೇ ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸಿ ನೋಡಿದ. 400ನೆಯ ನಂಬರಿನ ಬೆಕ್ಕು. ಅಕ್ಟೋಬರಿನಲ್ಲಿ ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ವಿಷಯವನ್ನು ಮುಚ್ಚಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಳಚೆ ಶುದ್ಧಿ ಮಾಡುವ ಯಂತ್ರವೆಂದು ಒಂದನ್ನು ಕೂರಿಸಿ, ಸಮಾರಂಭ ಮಾಡಿ, ಕಂಪನಿಯ ಅಧ್ಯಕ್ಷ ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದ. ಪಾದರಸವಿದ್ದ ಕೊಳಚೆ ಆ ಯಂತ್ರದ ದಾರಿಯನ್ನೇ ತುಳಿಯುತ್ತಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ರೋಗಿಗಳಿಗೆ ‘ಸಹಾನುಭೂತಿಯ ಹಣ’ವೆಂದು ಕೊಟ್ಟು, ಮುಂದೆ ತಪ್ಪು ಕಂಪನಿಯದೇ ಎಂದು ಗೊತ್ತಾದರೂ ಇನ್ನೇನೂ ಕೇಳಕೂಡದೆಂಬ ಷರತ್ತಿನ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ದೊಡ್ಡವರೊಬ್ಬರು ಸತ್ತಿದ್ದರೆ ಮೂರು ಲಕ್ಷ ಯೆನ್. ತಪ್ಪೇ ಇಲ್ಲದವನು ಇಂಥ ಷರತ್ತನ್ನು ಏಕೆ ಬರೆಸುತ್ತಾನೆ ಎಂದು ಕೇಳುವ ವಕೀಲ ಆ ಬಡವರಿಗೆ ಅಂದು ಸಿಗಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. 1959ರ ನವೆಂಬರಿನಲ್ಲಿ ಬೆಸ್ತರು ಹೊಟ್ಟೆಗಿಲ್ಲದೆ ಕಾರ್ಖಾನೆಗೆ ನುಗ್ಗಿದರು. ಆಗ ಕೊಳಚೆ ಬಿಡುವುದನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಊರೇ ಹಾಳಾಗುತ್ತದೆ ಎಂದು ಪ್ರಾಂತದ ಗವರ್ನರರ ಬಳಿಗೆ ಅಹವಾಲು ಹೊತ್ತುಕೊಂಡು ಹೋದವರು ಯಾರು? ಕಂಪನಿಯ ಮ್ಯಾನೇಜರರಲ್ಲ. ಊರಿನ ಮೇಯರ್ ಹೋದರು, ವರ್ತಕರ ಸಂಘದವರು ಹೋದರು, ಕಾರ್ಖಾನೆಯ ಯೂನಿಯನ್ನಿನವರು ಹೋದರು. ಇದನ್ನು ಓದಿ ಛೀ ಎನ್ನುವುದು ಸುಲಭ. ನಮ್ಮ ಅಂಗಡಿ ಬೀದಿಯವರು ಮೊದಲು ತಮ್ಮ ಉದ್ರಿ ಪುಸ್ತಕ ತೆರೆದು ನೋಡಿಕೊಳ್ಳಲಿ. ಗಿರಣಿ ಮೂರು ತಿಂಗಳು ನಿಂತರೆ ಅಕ್ಕಿ ಬೇಳೆಯ ಬಾಕಿ ಯಾರು ತೀರಿಸುತ್ತಾರೆ? ಬದಲಿ ಕೆಲಸದವನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ? ಹಸಿವಿನ ಹೆದರಿಕೆ ದೊಡ್ಡದು, ಕಂಪನಿಗೆ ಅದು ಚೆನ್ನಾಗಿ ಗೊತ್ತು. ತಾನು ಹಿಂದೆ ನಿಂತು, ಕೂಲಿಯವನನ್ನೂ ಕಿರಾಣಿಯವನನ್ನೂ ಬೆಸ್ತನ ಎದುರಿಗೆ ನಿಲ್ಲಿಸುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1962ರಲ್ಲಿ ಅದೇ ಕಾರ್ಖಾನೆಯಲ್ಲಿ ಕೂಲಿಯ ಪ್ರಶ್ನೆಯ ಮೇಲೆ ದೊಡ್ಡ ಹೋರಾಟವಾಯಿತು. ಕಂಪನಿ ಬೀಗಮುದ್ರೆ ಹಾಕಿತು, ತನ್ನ ಮಾತು ಕೇಳುವ ಎರಡನೆಯ ಯೂನಿಯನ್ನನ್ನು ಎಬ್ಬಿಸಿತು, ಹಳೆಯ ಯೂನಿಯನ್ನಿನಲ್ಲೇ ಉಳಿದವರನ್ನು ಹೀನ ಕೆಲಸಗಳಿಗೆ ಹಾಕಿ ಸತಾಯಿಸಿತು. ಬೆಸ್ತರನ್ನು ತುಳಿದ ಕಾಲು ತಮ್ಮ ಎದೆಯ ಮೇಲೆ ಬಂದಾಗ ಆ ಕಾರ್ಮಿಕರಿಗೆ ಅದರ ಭಾರ ತಿಳಿಯಿತು. 1968ರ ಆಗಸ್ಟಿನಲ್ಲಿ ಆ ಹಳೆಯ ಯೂನಿಯನ್ ಒಂದು ಠರಾವು ಮಾಡಿತು. ಇಷ್ಟು ವರ್ಷ ಮಿನಮಾಟ ರೋಗದ ವಿಷಯದಲ್ಲಿ ನಾವು ಏನೂ ಹೋರಾಡಲಿಲ್ಲ, ಮನುಷ್ಯರಾಗಿ, ಕಾರ್ಮಿಕರಾಗಿ ಇದಕ್ಕಾಗಿ ನಾಚಿಕೆಪಡುತ್ತೇವೆ ಎಂಬುದು ಅದರ ತಾತ್ಪರ್ಯ. ‘ನಾಚಿಕೆಯ ಘೋಷಣೆ’ ಎಂದೇ ಅದಕ್ಕೆ ಹೆಸರಾಯಿತು. ಮುಂದೆ 1970ರಲ್ಲಿ ಕೂಲಿಗಾಗಿ ಅಲ್ಲ, ಕೊಳಚೆಯ ವಿರುದ್ಧವೇ ಮುಷ್ಕರ ಹೂಡಿದರು. ರೋಗಿಗಳು ಹಾಕಿದ ದಾವೆಯಲ್ಲಿ ಕಾರ್ಖಾನೆಯ ಒಳಗಿನ ಗುಟ್ಟುಗಳನ್ನು ಕೋರ್ಟಿಗೆ ಬಂದು ಹೇಳಿದರು. ಕಾರ್ಮಿಕ ಚಳವಳಿಯ ಇತಿಹಾಸದಲ್ಲಿ ಇದಕ್ಕೆ ಸಮನಾದ ಘಟನೆಗಳು ಹೆಚ್ಚಿಲ್ಲ. ನಮ್ಮ ಯೂನಿಯನ್ ಮುಖಂಡರ ಭಾಷಣಗಳಲ್ಲಿ ಇದು ಎಂದೂ ಬಾರದಿರುವುದು ಏಕೋ ತಿಳಿಯದು.

ಚಿತ್ರ ತೆಗೆದವನು ತ್ಸುಚಿಮೊಟೊ ನೊರಿಯಾಕಿ. 1965ರಲ್ಲಿ ಟೆಲಿವಿಷನ್ನಿಗಾಗಿ ಮೊದಲ ಸಲ ಆ ಊರಿಗೆ ಹೋದಾಗ, ತನ್ನ ರೋಗಿ ಮಗುವಿನ ಕಡೆ ಕ್ಯಾಮೆರಾ ತಿರುಗಿತೆಂದು ಒಬ್ಬ ತಾಯಿ ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು ತತ್ತರಿಸಿಹೋದ. ಚಿತ್ರ ತೆಗೆದುಕೊಂಡು ಹೋಗುತ್ತೀರಿ, ನಮ್ಮ ಮೈ ನೆಟ್ಟಗಾಗುತ್ತದೆಯೇ ಎಂಬುದೇ ಅಂಥ ಬೈಗಳ ಒಳಗಿನ ಪ್ರಶ್ನೆ. ಐದು ವರ್ಷದ ನಂತರ ಅವನು ಮತ್ತೆ ಹೋದ, ಈ ಸಲ ತಿಂಗಳುಗಟ್ಟಲೆ ಅಲ್ಲೇ ಉಳಿದ. 1971ರಲ್ಲಿ ಹೊರಬಂದ ಆ ಚಿತ್ರದ ಹೆಸರಿಗೆ ‘ಮಿನಮಾಟ: ರೋಗಿಗಳು ಮತ್ತು ಅವರ ಲೋಕ’ ಎಂದು ಅರ್ಥ. ಹೆಸರಿನಲ್ಲಿ ಕಂಪನಿಯಿಲ್ಲ, ಪಾದರಸವಿಲ್ಲ. ರೋಗಿಗಳಿದ್ದಾರೆ, ಅವರಿಗೊಂದು ಲೋಕವೂ ಇದೆ.

ಆ ಲೋಕವನ್ನು ತೋರಿಸಿದ್ದರಲ್ಲಿಯೇ ಚಿತ್ರದ ಶಕ್ತಿಯಿದೆ. ಒಬ್ಬ ಮುದುಕ ಸಮುದ್ರದ ತಗ್ಗುನೀರಿನಲ್ಲಿ ನಿಂತು ಆಕ್ಟೋಪಸ್ ಎಂಬ ಎಂಟು ಕೈಯ ಪ್ರಾಣಿಯನ್ನು ಹಿಡಿಯುತ್ತಾನೆ. ಹಿಡಿದದ್ದನ್ನು ಎರಡು ಕಣ್ಣಿನ ನಡುವೆ ಕಚ್ಚಿ ಸಾಯಿಸುತ್ತಾನೆ. ಏನು ಲವಲವಿಕೆ, ಏನು ಕಸುಬು! ನೋಡುವವನು ಅವನ ಜಾಣತನಕ್ಕೆ ಮೆಚ್ಚಿ ನಗುತ್ತಾನೆ, ಮರುಕ್ಷಣ ಅದೇ ನೀರು ಎಂಬುದು ನೆನಪಾಗಿ ನಗು ನಿಲ್ಲುತ್ತದೆ. ಈ ಜನ ಆ ನೀರನ್ನು ಬಿಟ್ಟು ಎಲ್ಲಿಗೆ ಹೋಗಬೇಕು? ಸತ್ತ ಮೀನುಗಳ ರಾಶಿಯನ್ನು ನೂರು ಸಲ ತೋರಿಸಿದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಕನಿಕರ ಹುಟ್ಟುತ್ತಿತ್ತು, ಕನಿಕರಕ್ಕೆ ಆಯುಷ್ಯ ಕಡಿಮೆ, ಟಾಕೀಸಿನ ಬಾಗಿಲಿನವರೆಗೆ.

ಚಿತ್ರದ ಕಡೆಯ ಭಾಗದಲ್ಲಿ ಷೇರುದಾರರ ಸಭೆ ಬರುತ್ತದೆ. ಕಂಪನಿಯ ಅಧ್ಯಕ್ಷನ ಮುಖ ನೋಡಿ ಮಾತಾಡಲು ಬಡವನಿಗೆ ದಾರಿಯಿಲ್ಲ, ಷೇರುದಾರನಿಗೆ ಇದೆ. ಆದ್ದರಿಂದ ರೋಗಿಗಳೂ ಅವರ ಕಡೆಯವರೂ ತಲಾ ಒಂದೊಂದು ಷೇರು ಕೊಂಡರು. 1970ರ ನವೆಂಬರ್ 28ರಂದು ಒಸಾಕ ನಗರದ ಸಭಾಭವನಕ್ಕೆ ಯಾತ್ರಿಕರ ಬಿಳಿಯ ಉಡುಪು ತೊಟ್ಟು, ಭಜನೆ ಹಾಡುತ್ತ ಬಂದರು. ಒಬ್ಬಾಕೆ ಸತ್ತ ತಂದೆತಾಯಿಯರ ಹೆಸರಿನ ಫಲಕಗಳನ್ನು ಎದೆಗೆ ಅವಚಿಕೊಂಡು ಅಧ್ಯಕ್ಷನ ಎದುರಿಗೇ ನಿಂತು ಕೂಗುತ್ತಾಳೆ. ಅಧ್ಯಕ್ಷನಿಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಅಂಕಿಅಂಶ, ಲೆಕ್ಕಪತ್ರ, ತಜ್ಞರ ವರದಿಗಳ ಹಿಂದೆ ಅಡಗಿದ್ದ ಒಬ್ಬ ಮನುಷ್ಯ ಅಲ್ಲಿ ಸಿಕ್ಕಿಬೀಳುತ್ತಾನೆ. ವಿಷಕ್ಕೊಂದು ವಿಳಾಸವಿದೆ ಎಂಬುದನ್ನು ಆ ಚಿತ್ರ ತೋರಿಸಿದ ಹಾಗೆ ಯಾವ ಪುಸ್ತಕವೂ ತೋರಿಸಲಾರದು.

1973ರ ಮಾರ್ಚ್ 20ರಂದು ಕುಮಾಮೊಟೊ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪು ಕೊಟ್ಟು, 1959ರ ಆ ಷರತ್ತಿನ ಕಾಗದವನ್ನು ನೀತಿಗೆ ವಿರುದ್ಧವಾದುದೆಂದು ತಳ್ಳಿಹಾಕಿತು. ಚಿತ್ರದಿಂದಲೇ ಗೆದ್ದರೆಂದು ನಾವು ಹೇಳುವುದಿಲ್ಲ. ಗೆದ್ದವರು ಆ ಬೆಸ್ತರು, ಅವರ ಜೊತೆ ನಿಂತವರು. ಸರ್ಕಾರದ ಹೊಣೆಯನ್ನು ಅಲ್ಲಿಯ ಸುಪ್ರೀಂ ಕೋರ್ಟು ಒಪ್ಪಿದ್ದು 2004ರಲ್ಲಿ. ರೋಗ ಪತ್ತೆಯಾಗಿ 48 ವರ್ಷದ ಮೇಲೆ!

ತ್ಸುಚಿಮೊಟೊ ಮಾಡಿದ ಇನ್ನೊಂದು ಕೆಲಸ ನಮಗೆ ಚಿತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ರಾಜಧಾನಿಯಲ್ಲಿ, ಹೊರದೇಶಗಳಲ್ಲಿ ಚಿತ್ರ ಹೆಸರು ಮಾಡಿತು. ಆದರೆ ಅದೇ ಸಮುದ್ರದ ಆಚೆ ದಡದ ಹಳ್ಳಿಗಳಲ್ಲಿ ಕೈನಡುಗುವ ಜನ ತಮಗೆ ಏನಾಗಿದೆಯೆಂದು ತಿಳಿಯದೆ, ತಿಳಿದರೂ ಮೀನಿನ ಬೆಲೆ ಬಿದ್ದೀತೆಂದು ಹೆದರಿ ಬಾಯಿಮುಚ್ಚಿ ಕುಳಿತಿದ್ದರು. 1977ರಲ್ಲಿ ಅವನು ಪ್ರೊಜೆಕ್ಟರು ಹೊತ್ತುಕೊಂಡು ಶಿರನುಯಿ ಸಮುದ್ರದ ದಡದ ಹಳ್ಳಿ ಹಳ್ಳಿಗೆ ಹೋಗಿ, ತಿಂಗಳುಗಟ್ಟಲೆ ತಿರುಗಿ, ಆ ಜನಕ್ಕೆ ಚಿತ್ರ ತೋರಿಸಿದ. ನಮ್ಮ ಟೂರಿಂಗ್ ಟಾಕೀಸಿನವರು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದಂತೆಯೇ. ಪ್ರಶಸ್ತಿಗಾಗಿ ತೆಗೆದ ಚಿತ್ರಕ್ಕೂ ಊರಿಗಾಗಿ ತೆಗೆದ ಚಿತ್ರಕ್ಕೂ ಇರುವ ಅಂತರ ಇದೇ.

ನಮ್ಮ ದೇಶದಲ್ಲಿ ಏನಾಯಿತು? ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರಿನಲ್ಲಿಯೇ ವಿಷಾನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ಅಲ್ಲಿನ ಯೂನಿಯನ್ ಭಿತ್ತಿಪತ್ರ ಅಂಟಿಸಿ ಊರನ್ನು ಎಚ್ಚರಿಸಿತು. ರಾಜಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ ತನ್ನ ‘ರಪಟ್’ ಎಂಬ ಪುಟ್ಟ ವಾರಪತ್ರಿಕೆಯಲ್ಲಿ 1982ರಲ್ಲಿ ಊರಿಗೆ ಬರಲಿರುವ ಗಂಡಾಂತರವನ್ನು ಬರೆದ. ಸಣ್ಣ ವಾರಪತ್ರಿಕೆಯ ಮಾತನ್ನು ಕೇಳುವವರು ಯಾರು? 1984ರ ಡಿಸೆಂಬರ್ 2ರ ರಾತ್ರಿ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಊರಿನ ಮೇಲೆ ಹರಡಿ ಮಲಗಿದ್ದ ಸಾವಿರಾರು ಜನ ಸತ್ತರು. ತಪನ್ ಬೋಸ್, ಸುಹಾಸಿನಿ ಮುಳೆ ಮತ್ತು ಸಲೀಂ ಶೇಖ್ ಇದರ ಮೇಲೆ ‘ಬಿಯಾಂಡ್ ಜೆನೊಸೈಡ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದೇ ವರ್ಗದ ಚಿತ್ರಗಳಲ್ಲಿ ಅದೇ ಶ್ರೇಷ್ಠವೆಂದು ಕೇಂದ್ರ ಸರ್ಕಾರವೇ 1987ರಲ್ಲಿ ಸ್ವರ್ಣಕಮಲ ಕೊಟ್ಟಿತು. ಬಹುಮಾನ ಬಂದ ಕಿರುಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸುತ್ತೇವೆಂದು ಮಂತ್ರಿಗಳು ಘೋಷಿಸಿದರು.

ಆಮೇಲೆ ದೂರದರ್ಶನ ಆಗುವುದಿಲ್ಲ ಎಂದಿತು. ಅದು ಕೊಟ್ಟ ಕಾರಣಗಳನ್ನು ಕೇಳಿ: ಚಿತ್ರ ಹಳತಾಯಿತು, ಅದರಲ್ಲಿ ಸಂಯಮವಿಲ್ಲ, ಎರಡೂ ಕಡೆಯನ್ನು ಸಮನಾಗಿ ತೋರಿಸಿಲ್ಲ, ರಾಜ್ಯ ಸರ್ಕಾರವನ್ನು ಟೀಕಿಸಿದೆ, ಪರಿಹಾರದ ಮೊಕದ್ದಮೆ ಕೋರ್ಟಿನಲ್ಲಿದೆ, ಜನ ಉದ್ರಿಕ್ತರಾದಾರು. ಚಿನ್ನದ ಕಮಲ ಕೊಟ್ಟ ಕೈಯೇ ಬಾಯಿಗೆ ಬೀಗ ಹಾಕಿತು. ಚಿತ್ರದವರು ಕೋರ್ಟಿಗೆ ಹೋಗಬೇಕಾಯಿತು. 1992ರಲ್ಲಿ ಸುಪ್ರೀಂ ಕೋರ್ಟು ಈ ಕಾರಣಗಳಾವುವೂ ನಿಲ್ಲುವುದಿಲ್ಲ, ಇದು ಸಂವಿಧಾನದ 19ನೆಯ ವಿಧಿ ಕೊಟ್ಟ ಮಾತಿನ ಹಕ್ಕಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಆ ವೇಳೆಗೆ ಪರಿಹಾರದ ವ್ಯಾಪಾರ 1989ರಲ್ಲಿಯೇ 47 ಕೋಟಿ ಡಾಲರಿಗೆ ಕುದುರಿ ಮುಗಿದಿತ್ತು. ಜನ ನೋಡಬೇಕಾಗಿದ್ದಾಗ ನೋಡದಂತೆ ತಡೆದರೆ ಸಾಕು, ಮಾಲೀಕನಿಗೆ ಗೆಲುವು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ತೆರೆದರೇನು, ಹಾಕಿದರೇನು? ಆ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ವಿಷದ ಕಸವನ್ನು ಸುಡುವುದಕ್ಕಾಗಿ ಪೀತಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ಅಲ್ಲಿಯ ಜನ ನಮ್ಮೂರಿಗೇಕೆ ಎಂದು ಬೀದಿಗಿಳಿದರು. ನ್ಯಾಯವಾದ ಪ್ರಶ್ನೆ.

ಬೀಗ ಹಾಕುವ ವಿಷಯದಲ್ಲಿ ಬಾವುಟದ ಬಣ್ಣ ಯಾವುದಾದರೇನು ಎಂಬುದನ್ನೂ ಹೇಳಿಬಿಡಬೇಕು. ಚೀನಾದ ಚಾಯ್ ಜಿಂಗ್ ಎಂಬ ಪತ್ರಕರ್ತೆ ತನ್ನ ಸ್ವಂತ ಹಣ ಹಾಕಿ ಹೊಗೆಮಂಜಿನ ಮೇಲೆ ‘ಅಂಡರ್ ದಿ ಡೋಮ್’ ಎಂಬ ಚಿತ್ರ ತೆಗೆದಳು. 2015ರ ಫೆಬ್ರವರಿ 28ರಂದು ಬಿಡುಗಡೆಯಾಯಿತು, ಕೆಲವೇ ದಿನಗಳಲ್ಲಿ ಹತ್ತು ಕೋಟಿಗೂ ಮೀರಿ ನೋಡಿಕೆಗಳಾದವು. ಪರಿಸರ ಮಂತ್ರಿಯೇ ಹೊಗಳಿದರು. ಸುಮಾರು ವಾರದೊಳಗೆ ಆ ದೇಶದಲ್ಲಿ ಅದು ಎಲ್ಲೂ ಕಾಣದಂತಾಯಿತು. ಕಾರ್ಮಿಕರ ಹೆಸರಿನಲ್ಲಿ ಆಳುವವರು ಕಾರ್ಮಿಕ ಉಸಿರಾಡುವ ಗಾಳಿಯ ಮಾತಿಗೆ ಹೆದರಿದರು.

ಈಚೆಗೆ ನಮ್ಮಲ್ಲಿ ಬರುವ ಅನೇಕ ಚಿತ್ರಗಳಿಗೆ ಈ ಭಯವೇ ಇಲ್ಲ, ಏಕೆಂದರೆ ಅವು ಯಾರನ್ನೂ ಮುಟ್ಟುವುದಿಲ್ಲ. ಆಕಾಶದಿಂದ ತೆಗೆದ ನೊರೆಯ ನದಿ, ಕರುಳು ಹಿಂಡುವ ಪಿಟೀಲು, ಕೊನೆಯಲ್ಲಿ ನಾವೆಲ್ಲರೂ ತಪ್ಪಿತಸ್ಥರು ಎಂಬ ಮಾತು. ಎಲ್ಲರೂ ತಪ್ಪಿತಸ್ಥರಾದರೆ ಯಾರೂ ತಪ್ಪಿತಸ್ಥರಲ್ಲ. ಸಂತೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತರಕಾರಿ ತಂದ ಹೆಂಗಸಿಗೂ ಇರುಳಲ್ಲಿ ಹಳ್ಳಕ್ಕೆ ಬಣ್ಣದ ನೀರು ಬಿಡುವವನಿಗೂ ಒಂದೇ ಬುದ್ಧಿವಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚೀಲ ಬಿಡಬೇಕಾದ್ದು ಸರಿಯೇ. ಆದರೆ ಆ ಹೆಂಗಸು ಚೀಲ ಬಿಟ್ಟಳೆಂದು ಹಳ್ಳದ ನೀರು ತಿಳಿಯಾಗುವುದಿಲ್ಲ.

ಇನ್ನೊಂದು ಕೊರತೆಯಿದೆ. ಕ್ಯಾಮೆರಾ ಯಾವಾಗಲೂ ಕಾಂಪೌಂಡಿನ ಹೊರಗೆ ನಿಂತು ಚಿಮಣಿಯನ್ನು ನೋಡುತ್ತದೆ. ಒಳಗಿನ ಧೂಳನ್ನು ನೋಡುವುದು ಅಪರೂಪ. ಹತ್ತಿ ಗಿರಣಿಯ ಬ್ಲೋರೂಮಿನಲ್ಲಿ, ಕಾರ್ಡಿಂಗಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಮಾರನೆಯ ದಿನ ಸಡಿಲವಾಗುತ್ತದೆ. ವರ್ಷಗಳು ಕಳೆದಂತೆ ವಾರವೆಲ್ಲ ಬಿಗಿದೇ ಇರುತ್ತದೆ. ಅದಕ್ಕೆ ಬಿಸಿನೋಸಿಸ್ ಎಂಬ ಹೆಸರಿದೆ, ಪರಿಹಾರ ಕೊಡಬೇಕಾದ ಕಸುಬಿನ ರೋಗವೆಂದು ಕಾಯಿದೆಯಲ್ಲಿ ಬರೆದಿದೆ. ನಮ್ಮಲ್ಲಿ ಎಷ್ಟೋ ಜನ ಅದನ್ನು ಬೀಡಿಯ ಕೆಮ್ಮೆಂದೇ ತಿಳಿದು ಸತ್ತಿದ್ದಾರೆ, ಡಾಕ್ಟರರೂ ಹಾಗೆಯೇ ಚೀಟಿ ಬರೆದಿದ್ದಾರೆ. ಹಳ್ಳಕ್ಕೆ ಹೋಗುವ ವಿಷ ಮೊದಲು ಕಾರ್ಮಿಕನ ಕೈಯನ್ನು ಮುಟ್ಟಿ ಹೋಗುತ್ತದೆ, ಊರಿನ ಮೇಲೆ ಏರುವ ಧೂಳು ಮೊದಲು ಅವನ ಎದೆಯನ್ನು ಹೊಕ್ಕು ಬರುತ್ತದೆ. ಆದ್ದರಿಂದ ಈ ವಿಷಯದಲ್ಲಿ ಮೊದಲ ಸಾಕ್ಷಿ ಅವನೇ. ಅವನನ್ನು ಕೇಳದೆ ತೆಗೆದ ಚಿತ್ರ ಅರ್ಧ ಚಿತ್ರ.

ಗಿರಣಿ ಮುಚ್ಚಿಸಿ ಎಂದು ಈ ಪತ್ರಿಕೆ ಹೇಳುತ್ತಿಲ್ಲ. ಹಾಗೆ ಹೇಳುತ್ತೇವೆಂದು ನಾಳೆ ಗೇಟಿನಲ್ಲಿ ಯಾರಾದರೂ ಊದಿದರೆ ಅವರ ಸಂಬಳ ಎಲ್ಲಿಂದ ಬರುತ್ತದೆಂದು ವಿಚಾರಿಸಿ. ಕೊಳಚೆ ಶುದ್ಧಿ ಮಾಡುವ ಖರ್ಚನ್ನು ಲಾಭದಿಂದ ತೆಗೆಯಬೇಕೇ ಹೊರತು ಕೂಲಿಯಿಂದಲ್ಲ, ಊರಿನ ಬಾವಿಯಿಂದಲ್ಲ. ಮಾಲಿನ್ಯ ಮಂಡಳಿ ಪ್ರತಿಯೊಂದು ಕಾರ್ಖಾನೆಗೆ ಕೊಟ್ಟ ಸಮ್ಮತಿ ಪತ್ರವನ್ನು, ಅದರಲ್ಲಿನ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಗೇಟಿನ ಮುಂದೆ ತೂಗುಹಾಕಲಿ. ಭೋಪಾಲದ ನಂತರ 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಅಪಾಯದ ಕೆಲಸವಿರುವಲ್ಲಿ ಯಾವ ವಸ್ತುವಿನಿಂದ ಏನು ಅಪಾಯವೆಂದು ಕಾರ್ಮಿಕರಿಗೂ ಸುತ್ತಲ ಜನಕ್ಕೂ ತಿಳಿಸಬೇಕೆಂದು ಬರೆದದ್ದು ಕಪಾಟಿನಲ್ಲಿಡುವುದಕ್ಕಲ್ಲ.

ಚಿತ್ರಗಳ ಮಟ್ಟಿಗೆ ಹೇಳುವುದಾದರೆ, ಈಗ ಎಲ್ಲರ ಕೈಯಲ್ಲಿ ಮೊಬೈಲಿದೆ, ಬೇಕಾದ್ದನ್ನು ನೋಡಬಹುದು ಎನ್ನುತ್ತಾರೆ. ಒಬ್ಬೊಬ್ಬನೇ ಹಾಸಿಗೆಯಲ್ಲಿ ಮಲಗಿ ನೋಡಿದರೆ ನಿಟ್ಟುಸಿರು ಬರುತ್ತದೆ, ನಿದ್ದೆ ಬರುತ್ತದೆ. ನಾಲ್ಕು ಜನ ಒಟ್ಟಿಗೆ ಕುಳಿತು ನೋಡಿದರೆ ಚಿತ್ರ ಮುಗಿದ ಮೇಲೆ ಮಾತು ಏಳುತ್ತದೆ. ಯೂನಿಯನ್ ಕಚೇರಿಯ ಅಂಗಳದಲ್ಲಿ ಮಿನಮಾಟದ ಚಿತ್ರಕ್ಕೂ ಭೋಪಾಲದ ಚಿತ್ರಕ್ಕೂ ಪರದೆ ಕಟ್ಟಬೇಕೆಂದು ನಮ್ಮ ಸಲಹೆ. ಜಪಾನಿ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಲು ಒಬ್ಬ ಮೇಷ್ಟರು ಬೇಕು. ಪೇಟೆಯ ವರ್ತಕರನ್ನೂ ಕರೆಯಬೇಕು, ಅವರಿಗೆ ಹಿಂದಿನ ಸಾಲಿನಲ್ಲಲ್ಲ, ಕಾರ್ಮಿಕರ ಪಕ್ಕದಲ್ಲಿ ಜಾಗ ಮಾಡಬೇಕು. ಹೆಂಗಸರು ಬರುವಂತಾಗಬೇಕು. ಎರಡನೆಯ ಪಾಳಿಯವರು ಬಿಡುವ ಹೊತ್ತಿಗೆ ರಾತ್ರಿ ಬಹಳವಾಗುತ್ತದೆ, ಚಿತ್ರಗಳೋ ಉದ್ದ. ವಾರದ ರಜೆಯ ಸಂಜೆ ಕತ್ತಲಾದ ಕೂಡಲೆ ಶುರುಮಾಡುವುದು ಎಲ್ಲರಿಗೂ ಅನುಕೂಲ.